ಅಡುಗೆಮನೆಯಲ್ಲಿ ಉದ್ದನೆಯ ನಾಯಿ

ಕಳೆದ ಶನಿವಾರ ನಮ್ಮ ಅಡುಗೆಮನೆಯಲ್ಲಿ ಒಂದು ನಾಯಿ ಕಾಣಿಸಿತು. ಕಂದು ಬಣ್ಣ. ಮುಖ ಗ್ಯಾಸ್ ಸ್ಟೌವ್ ಹತ್ತಿರ, ಬಾಲ ಫ್ರಿಜ್ ಹತ್ತಿರ. ಅಷ್ಟು ಉದ್ದ!

ಗಾಬರಿಯಾಗಬೇಡಿ. ನಾವು ನಾಯಿ ಸಾಕಿಲ್ಲ. (ನಮ್ಮ ಅಪಾರ್ಟ್‌ಮೆಂಟಿನವರು ಬೆಕ್ಕಿಗೇ ನೋಟಿಸ್ ಕೊಟ್ಟವರು.) ಆ ಅಡುಗೆಮನೆ ಇದ್ದದ್ದು ಮಗಳ ಶಾಲೆಯಲ್ಲಿ, ಆರನೇ ಕ್ಲಾಸಿನ ಟೀಚರ್ ಮೇಜಿನ ಮೇಲೆ. ಅದೂ ಬರಿಗಣ್ಣಿಗೆ ಕಾಣುವುದಿಲ್ಲ, ಟ್ಯಾಬ್ ಹಿಡಿದು ನೋಡಿದರೆ ಮಾತ್ರ.

ಆಗ್ಮೆಂಟೆಡ್ ರಿಯಾಲಿಟಿ ಎಂದು ಇದಕ್ಕೆ ಹೆಸರು. ಕ್ಯಾಮೆರಾವನ್ನು ಮೇಜಿನತ್ತ ತಿರುಗಿಸಿದರೆ ಮೊದಲು ಚುಕ್ಕಿಗಳು ಹರಡಿಕೊಳ್ಳುತ್ತವೆ. ಬೆರಳಿಂದ ಒಂದು ಸಲ ತಟ್ಟಿದರೆ ಸಾಕು, ಖಾಲಿ ಮೇಜಿನ ಮೇಲೆ ಒಲೆ, ಸಿಂಕು, ಡಬ್ಬಿಗಳೆಲ್ಲ ಎದ್ದು ನಿಲ್ಲುತ್ತವೆ. ಸುತ್ತ ಓಡಾಡಿದರೆ ಒಲೆಯ ಹಿಂಭಾಗವೂ ಕಾಣುತ್ತದೆ! ನಾನು ಕುತೂಹಲ ತಡೆಯಲಾರದೆ ಆ ಜಾಗಕ್ಕೆ ಕೈ ಹಾಕಿಯೇ ಬಿಟ್ಟೆ. ಟ್ಯಾಬ್ ಹಿಡಿದಿದ್ದ ಹುಡುಗಿ “ಅಂಕಲ್, ಕೈ ಎಡುಕ್ಕ್!” ಎಂದು ಗದರಿದಳು. ಕೈ ತೆಗೆದೆ.

ಪ್ರಾಜೆಕ್ಟ್ ಇಷ್ಟು: ಮಕ್ಕಳು ತಮ್ಮ ಮನೆಯ ಅಡುಗೆಮನೆಯನ್ನು ಆ್ಯಪ್‌ನಲ್ಲಿ ಕಟ್ಟಬೇಕು. ಸಾಮಾನುಗಳಿಗೆ ಮನೆಮಾತಿನ ಹೆಸರು ಅಂಟಿಸಬೇಕು. ಆಮೇಲೆ ಅಪ್ಪ ಅಮ್ಮಂದಿರ ಎದುರು ಎರಡು ನಿಮಿಷ, ಮನೆಮಾತಿನಲ್ಲೇ ವಿವರಿಸಬೇಕು.

ಈ ಕೊನೆಯದನ್ನು ಕೇಳಿ ನನ್ನ ಎದೆ ಧಸಕ್ ಎಂದಿತ್ತು. ಮಗಳು ಇಂಚರಾ ಹುಟ್ಟಿದ್ದು, ಬೆಳೆದದ್ದು ತಿರುವನಂತಪುರದಲ್ಲಿ. ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಮಲಯಾಳದಲ್ಲಿ, ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ. ನನಗೆ ಕೊಚ್ಚಿಗೆ ವರ್ಗವಾದಾಗ ಅವಳೂ ನನ್ನ ಜೊತೆ ಬಂದಳು. ನನ್ನವಳದು ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ಹೊತ್ತುಗೊತ್ತಿಲ್ಲದ ಕೆಲಸ, ಶುಕ್ರವಾರದ ರೈಲಿಗೆ ಬರುತ್ತಾಳೆ. ಹಾಗಾಗಿ ವಾರವಿಡೀ ಮಗಳ ಕನ್ನಡಕ್ಕೆ ನಾನೊಬ್ಬನೇ ದಿಕ್ಕು. ಎಂಥ ದಿಕ್ಕು ಅನ್ನುವುದನ್ನು ಮುಂದೆ ಕೇಳಿ.

ಇಂಚರಾಳ ಸರದಿಯಲ್ಲಿ ನಾಯಿ ಕಂಡದ್ದೇ ತಡ, ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಟೀಚರ್ ಕೇಳಿದರು, “ಮೋಳೇ, ಈ ಪಟ್ಟಿ ಎಂದಿನಾ?”

ಈ ನಾಯಿ ಯಾಕೆ?

“ಅಪ್ಪ ಪರಞ್ಞು,” ಎಂದಳು ಮಗಳು. ಅಪ್ಪ ಹೇಳಿದ್ದು!

ಎಲ್ಲರೂ ನನ್ನತ್ತ ತಿರುಗಿದರು. ನಾನೇ? ನಾಯಿಯೇ? ಯಾವಾಗ?

ಅವಳು ಸಾಕ್ಷಿ ಸಮೇತ ಬಂದಿದ್ದಳು. ಪಾಲಾರಿವಟ್ಟಂನ ನನ್ನ ಬ್ಯಾಂಕಿನಿಂದ ತ್ರಿಪ್ಪೂಣಿತ್ತುರದ ಮನೆಗೆ ಮೆಟ್ರೋದಲ್ಲಿ ಬರುವಾಗ ನಾನು ಕಳಿಸಿದ್ದ ವಾಯ್ಸ್ ಮೆಸೇಜು ಅವಳ ಟ್ಯಾಬ್‌ನಲ್ಲಿತ್ತು. ಎಲ್ಲರಿಗೂ ಕೇಳುವಂತೆ ಹಾಕಿದಳು.

“ಪುಟ್ಟಾ, ಮೊದ್ಲು ಒಂದು ಪಟ್ಟಿ ಮಾಡು. ಪಟ್ಟಿ ಇಲ್ದೆ ಏನೂ ಶುರು ಮಾಡ್ಬೇಡ. ಪಟ್ಟಿ ಉದ್ದ ಆದ್ರೂ ಪರ್ವಾಗಿಲ್ಲ!”

ನಾನು ಹೇಳಿದ್ದು ಸಾಮಾನುಗಳ ಪಟ್ಟಿ, ಲಿಸ್ಟು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಪಾಪ, ಮಗು ಅಪ್ಪನ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು. ಉದ್ದವನ್ನೂ ಬಿಟ್ಟಿರಲಿಲ್ಲ.

ತಮಾಷೆ ಎಂದರೆ, ಈ ಶಬ್ದ ನನಗೆ ಗೊತ್ತಿಲ್ಲದ್ದೇನಲ್ಲ. ಕೇರಳಕ್ಕೆ ಬಂದ ಹೊಸದರಲ್ಲಿ ತಿರುವನಂತಪುರದ ಚಾಲೈ ಬಜಾರಿನ ಅಂಗಡಿಯಲ್ಲಿ ಸಾಮಾನಿನ ಚೀಟಿ ಚಾಚಿ “ಪಟ್ಟಿ, ಪಟ್ಟಿ” ಎಂದು ಒದರಿ ನಗೆಪಾಟಲಾದವನೇ ನಾನು. ಆದರೂ ಮಗಳ ತಲೆಯಲ್ಲಿ ಆ ಶಬ್ದಕ್ಕೆ ಮೊದಲು ಬಾಲ ಅಲ್ಲಾಡುತ್ತದೆ ಅಂತ ನನಗೆ ಹೊಳೆಯಲೇ ಇಲ್ಲವಲ್ಲ! ಇನ್ನೆಷ್ಟು ಶಬ್ದಗಳು ಅವಳ ಕಿವಿಯಲ್ಲಿ ಹೀಗೆ ವೇಷ ಬದಲಿಸಿಕೊಂಡಿವೆಯೋ?

ಈಗ ಎರಡು ನಿಮಿಷದ ಮಾತು. ಇಂಚರಾಳ ಕಿವಿ ಕೆಂಪಾಗಿತ್ತು. ಓಡಿಬಿಡುತ್ತಾಳೆ ಎಂದುಕೊಂಡೆ. ಓಡಲಿಲ್ಲ.

“ಇದು ನಮ್ಮ ಅಡಿಗೆಮನೆ. ಇದು ಒಗ್ಗರಣೆ ಡಬ್ಬಿ. ಇದು ಕಾಯಿ ತುರಿಯೋ ಮಣೆ, ಚಾಲೈಯಿಂದ ಅಮ್ಮ ತಂದಿದ್ದು.” ನಾಯಿಯ ಬಾಲದತ್ತ ಬೆರಳು ಮಾಡಿದಳು. “ಇದು ಪಟ್ಟಿ. ಅಪ್ಪಂದು.”

ಮತ್ತೆ ನಗು. ಈ ಸಲ ಅವಳೂ ನಕ್ಕಳು. ಎರಡು ನಿಮಿಷ ತುಂಬಲಿಲ್ಲ, ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಆದರೆ ಸಾಲಾಗಿ ಐದು ಕನ್ನಡ ವಾಕ್ಯ!

ಹೊರಗೆ ಬರುತ್ತಾ ಕೇಳಿದೆ, “ಅಡಿಗೆಮನೇಲಿ ನಾಯಿ ಯಾಕಪ್ಪಾ ಅಂತ ನನ್ನ ಒಂದ್ಸಲ ಕೇಳ್ಬಾರ್ದಿತ್ತಾ ಪುಟ್ಟಾ?”

“ಚೋದಿಕ್ಕಾನ್ ವನ್ನು. ಅಪ್ಪ ಫೋನಿಲ್ ಆಯಿರುನ್ನು.”

ಕೇಳಲು ಬಂದಿದ್ದಳಂತೆ. ಅಪ್ಪ ಫೋನಿನಲ್ಲಿದ್ದನಂತೆ. ಎಷ್ಟು ಸಲ ಬಂದಿದ್ದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸಿಟ್ಟಿನಿಂದ ಹೇಳಿದ್ದರೂ ಸಹಿಸಬಹುದಿತ್ತು. ಅವಳು ಬಸ್ಸು ಲೇಟಾಯಿತು ಎಂಬಷ್ಟು ಸಲೀಸಾಗಿ ಹೇಳಿ, ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಿದಳು.

ಅಷ್ಟರಲ್ಲಿ ಟೀಚರ್ ನಗುತ್ತಾ ಹತ್ತಿರ ಬಂದರು. “ವೀಟ್ಟಿಲ್ ಸಂಸಾರಂ ಕನ್ನಡಯಿಲಾಣೋ ಸರ್?”

ಮಲಯಾಳದಲ್ಲಿ ‘ಸಂಸಾರಂ’ ಎಂದರೆ ಮಾತುಕತೆ. ಮನೆಯಲ್ಲಿ ಮಾತು ಕನ್ನಡದಲ್ಲೋ ಎಂದಷ್ಟೇ ಅವರು ಕೇಳಿದ್ದು. ಹೌದು ಎನ್ನಲು ಬಾಯಿ ತೆರೆದೆ.

ಭಾಷೆಯ ಮಾತು ಆಮೇಲಾಯಿತು; ನಮ್ಮ ಮನೆಯಲ್ಲಿ ಸಂಸಾರವೇನೋ ಇದೆ, ಸಂಸಾರಂ ಇದೆಯೇ?