ಬಯ್ಯದೆ ಕೇಳಿದವರು

ಮಂಡ್ಯದ ಆಸ್ಪತ್ರೆಯಲ್ಲಿ ಎಚ್‌ಐವಿ ಮಾತ್ರೆ ಕೊಡುವ ಮುನ್ನ ನಮ್ಮನ್ನು ಕೂರಿಸಿ ಮಾತಾಡಿಸುವ ಮೇಡಂ ಒಬ್ಬರಿದ್ದರು. ಬಾಗಿಲು ಮುಚ್ಚಿ, ಪೆನ್ನು ಕೆಳಗಿಟ್ಟು, ಪ್ರತಿ ತಿಂಗಳೂ ಅದನ್ನೇ ಕೇಳುವರು: “ಬಯ್ಯಲ್ಲ, ನಿಜ ಹೇಳಿ. ಕಾಂಡೋಮ್ ಬಳಸ್ತಿದ್ದೀರಾ?”

ನಾನು ಲಾರಿ ಓಡಿಸುವವನು. “ಊಂ ಮೇಡಂ” ಎಂದು ಸುಳ್ಳು ಹೇಳಿ ನಮ್ಮೂರು ಕೊಪ್ಪದ ಬಸ್ಸು ಹತ್ತುತ್ತಿದ್ದೆ. ಐದನೇ ಸಲ ಮಾತ್ರ ತಡೆಯಲಾಗಲಿಲ್ಲ.

“ಇಲ್ಲ ಮೇಡಂ. ಎಂಡ್ತಿಗೆ ಕಾಯಿಲೆ ವಿಚಾರಾನೇ ಯೋಳಿಲ್ಲ. ಬುಟ್ಟೋಯ್ತಾಳೆ ಅಂತ ಭಯ.”

ಅವರು ನಿಜಕ್ಕೂ ಬಯ್ಯಲಿಲ್ಲ. “ಇಷ್ಟು ದಿನ ಒಬ್ರೇ ಹೊತ್ಕೊಂಡಿದ್ರಲ್ಲ. ಕರ್ಕೊಂಡ್ಬನ್ನಿ, ನಾನೂ ಜೊತೇಲಿರ್ತೀನಿ” ಎಂದರು.

ಮುಂದಿನ ವಾರ ಹೆಂಡತಿಯನ್ನು ಕರೆದೊಯ್ದು ಅವರೆದುರೇ ಹೇಳಿದೆ. ಅವಳು ನನ್ನ ಪಕ್ಕದಿಂದ ಸರಿದು ಬೆಂಚಿನ ತುದಿಗೆ ಹೋಗಿ ಕೂತಳು. ಮೇಡಂ ಕುರ್ಚಿ ಬಿಟ್ಟೆದ್ದು ಬಂದು ಬೆಂಚಿನ ಮೇಲೆ ಅವಳ ಪಕ್ಕ ಕೂತರು. ರಕ್ತ ಪರೀಕ್ಷೆಗೂ ಅವರೇ ಕೈಹಿಡಿದು ಕರೆದೊಯ್ದರು. ಅವಳಿಗೆ ಸೋಂಕು ತಗುಲಿರಲಿಲ್ಲ. ಮೂರು ತಿಂಗಳ ಮೇಲೆ ಮತ್ತೆ ನೋಡಿದಾಗಲೂ ಇರಲಿಲ್ಲ. ಅವತ್ತು ಮೇಡಂ ಮುಂದೆ ನಾನು ಅತ್ತುಬಿಟ್ಟೆ.

ಹೆಂಡತಿ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ಒಂದು ದಿನ ಊಟಕ್ಕೆ ಕೂತಿದ್ದಾಗ ಮಾತ್ರೆ ಡಬ್ಬಿಯನ್ನು ತಟ್ಟೆಯ ಪಕ್ಕ ತಂದಿಟ್ಟಳು.

“ನುಂಗು. ಆ ಆಸ್ಪತ್ರೆ ಅಕ್ಕನ ಮಖ ನೋಡಿ ಈ ಮನೇಲಿ ಉಳ್ಕಂಡಿವ್ನಿ” ಎಂದಳು.