ತೊಂಡೆ ಚಪ್ಪರದ ಎತ್ತರ

ನನ್ನ ಬಲ ಮಂಡಿಗೆ ಈಚೆಗೆ ತನ್ನದೇ ಅಭಿಪ್ರಾಯಗಳು ಹುಟ್ಟಿಕೊಂಡಿವೆ. ಮದುವೆ ಮಂಟಪದ ಮಾಳಿಗೆಯಲ್ಲಿ ಊಟವಿದ್ದರೆ ತಕರಾರಿಲ್ಲದೆ ಹತ್ತುತ್ತದೆ. ಸರಕಾರಿ ಕಚೇರಿ ಎಂದ ಕೂಡಲೇ ಹಟ ಹಿಡಿಯುತ್ತದೆ. ಮೊನ್ನೆ ರೇಷನ್ ಕಾರ್ಡಿನ ಕೆಲಸಕ್ಕೆಂದು ಹೊಸ ಕಚೇರಿಗೆ ಹೋದಾಗ ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ದಾರಿ ಕಂಡು ನನಗಿಂತ ಮೊದಲು ಮಂಡಿಗೇ ಖುಷಿಯಾಯಿತು. ಬದಿಗೆ ಸ್ಟೀಲಿನ ಕಂಬಿ, ಗೋಡೆಯ ಮೇಲೆ ಗಾಲಿಕುರ್ಚಿಯ ನೀಲಿ ಚಿತ್ರ. ಈಗ ಕಾನೂನೇ ಹಾಗಂತೆ: ಸಾರ್ವಜನಿಕ ಕಟ್ಟಡ ಎಂದ ಮೇಲೆ ನಡೆಯಲಾಗದವರೂ ಯಾರ ಹಂಗಿಲ್ಲದೆ ಒಳಗೆ ಹೋಗುವಂತಿರಬೇಕು. ಆ ದಾರಿಗೆ ಅಡ್ಡವಾಗಿ ಯಾರೋ ಬೈಕು ನಿಲ್ಲಿಸಿದ್ದರು. ಅದರ ಹ್ಯಾಂಡಲಿನಲ್ಲಿ ನೇತಾಡುತ್ತಿದ್ದ ಚೀಲದಿಂದ ತೊಂಡೆಕಾಯಿ ಇಣುಕುತ್ತಿತ್ತು.

ತೊಂಡೆಕಾಯಿ ಕಂಡರೆ ನನಗೆ ಕಮಲಕ್ಕ ನೆನಪಾಗುತ್ತಾಳೆ. ಪಲ್ಯಕ್ಕೆ ಹೆಚ್ಚುವಾಗಲೂ ನೆನಪಾಗುತ್ತಾಳೆ ಎಂದರೆ ನೀವು ನಗಬಹುದು, ನಗಿ.

ಇಚಿಲಂಪಾಡಿಯಲ್ಲಿ ನನ್ನ ತವರಿಗೂ ಅವಳ ಮನೆಗೂ ನಡುವೆ ಒಂದು ತೋಡು ಹರಿಯುತ್ತಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದು ಕಮಲಕ್ಕನ ಎರಡೂ ಕಾಲುಗಳು ಸೋತಿದ್ದವು. ಅಂಗೈಗೆ ಹಳೆ ಟಯರಿನ ತುಂಡು ಕಟ್ಟಿಕೊಂಡು, ಕುಳಿತಲ್ಲಿಂದಲೇ ಮೈಯನ್ನು ಮುಂದಕ್ಕೆ ಎಳೆಯುತ್ತ ಅಂಗಳ, ಗದ್ದೆಬದು, ತೋಡಿನ ಬದಿ ಎಲ್ಲ ಸುತ್ತುತ್ತಿದ್ದಳು. ಅವಳನ್ನು ಹುಡುಕುವುದೇ ಒಂದು ಕೆಲಸ. ಅವರದು ಗೇಣಿಯ ಭೂಮಿ. ಅಪ್ಪ ಸಾಯುವ ಮೊದಲು, ತೋಡಿನ ಬದಿಯ ತುಂಡು ಕಮಲಳಿಗೆ, ಉಳಿದದ್ದು ಮಗ ಶೀನನಿಗೆ ಎಂದು ನಾಲ್ಕು ಜನರೆದುರು ಹೇಳಿದ್ದರು.

ಆ ತುಂಡಿನಲ್ಲಿ ಕಮಲಕ್ಕ ಬಸಳೆ, ಹರಿವೆ, ಅಳಸಂಡೆ ಎಲ್ಲ ಮಾಡುತ್ತಿದ್ದಳು. ನಡುವಿನಲ್ಲಿ ತೊಂಡೆ ಚಪ್ಪರ. ಕುಳಿತವಳ ಎತ್ತಿದ ಕೈಗೆ ಎಟಕುವಷ್ಟೇ ಎತ್ತರಕ್ಕೆ ಶೀನಣ್ಣನ ಹತ್ತಿರ ಕಟ್ಟಿಸಿದ್ದಳು. ಒಳಗೆ ಹೋಗಬೇಕಾದರೆ ನಾವೆಲ್ಲ ಅರ್ಧಕ್ಕರ್ಧ ಬಗ್ಗಬೇಕು. ನನಗೋ ಬಿದಿರಿಗೆ ತಲೆ ಹೊಡೆಸಿಕೊಳ್ಳದೆ ಹೊರಬಂದ ನೆನಪೇ ಇಲ್ಲ.

"ಸ್ವಲ್ಪ ಎತ್ತರ ಕಟ್ಟಿಸ್ಬಾರ್ದಾ ಕಮಲಕ್ಕ?" ಎಂದರೆ, "ನಿನಗೆ ಎತ್ತರದ ಜಾಗ ಊರಿಡೀ ಉಂಟಲ್ಲ. ಇಲ್ಲಿ ನೀನೇ ಬಗ್ಗು" ಎನ್ನುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಗೆ ಭೂಸುಧಾರಣೆಯ ವಿಚಾರಣೆ ನಮ್ಮ ಕಡೆಗೂ ಬಂತು. ಗೇಣಿಗೆ ಮಾಡುವವರು ಡಿಕ್ಲರೇಶನ್ ಕೊಟ್ಟು, ವಿಚಾರಣೆಗೆ ಹಾಜರಾಗಿ, ಸಾಗುವಳಿ ಮಾಡುವುದು ನಾನೇ ಎಂದು ತೋರಿಸಿಕೊಟ್ಟರೆ ಭೂಮಿ ಅವರದೇ. ಕಮಲಕ್ಕ ತನ್ನ ತುಂಡಿಗೆ ತನ್ನ ಹೆಸರಿನಲ್ಲೇ ಡಿಕ್ಲರೇಶನ್ ಕೊಟ್ಟಿದ್ದಳು. ವಿಚಾರಣೆಗೆ ಮುಂಚೆ ಚಪ್ಪರದಡಿ ಅಭ್ಯಾಸ ನಡೆಯಿತು. ನಾನು ಸಾಹೇಬ. ಮದುವೆಯಾಗದ ಹುಡುಗಿಗೆ ಅಷ್ಟು ದೊಡ್ಡ ಹುದ್ದೆ ಸಿಕ್ಕಿದ್ದು ಅದೇ ಮೊದಲು, ಅದೇ ಕೊನೆ. "ಚಪ್ಪರ ಯಾಕೆ ಇಷ್ಟು ತಗ್ಗು?" ಎಂದು ಗಂಟಲು ದಪ್ಪ ಮಾಡಿ ಕೇಳಿದಾಗ ತೊಂಡೆಕಾಯಿಯಲ್ಲಿ ಹೊಡೆದಳು.

ವಿಚಾರಣೆಯ ದಿನ ಜನ ತುಂಬಿದ ಜೀಪಿನಲ್ಲಿ ಪೇಟೆಗೆ ಹೋದೆವು. ಶೀನಣ್ಣ ತಂಗಿಯನ್ನು ಎತ್ತಿ ಕೂರಿಸಿದರು, ಜೊತೆಗೆ ನಾನು. ಯಾವ ಪೇಟೆ ಎಂದು ಹೇಳುವುದಿಲ್ಲ. ಆಗ ಎಲ್ಲ ಪೇಟೆಗಳಲ್ಲೂ ಮೆಟ್ಟಿಲು ಒಂದೇ ಜಾತಿಯವು. ಕಚೇರಿ ಒಂದು ಬಾಡಿಗೆ ಕಟ್ಟಡದ ಮಾಳಿಗೆಯಲ್ಲಿತ್ತು. ಕಡಿದಾದ ಮರದ ಮೆಟ್ಟಿಲು, ಅದರ ತುಂಬ ಕಾಯುತ್ತಿದ್ದ ಗಂಡಸರು.

ಅವರು ಒಳ್ಳೆಯವರು. ಇದನ್ನು ಹೇಳಲೇಬೇಕು. ಕಂಡ ಕೂಡಲೇ ಇಬ್ಬರು ಎದ್ದು ಬಂದರು. "ಕುರ್ಚಿಯಲ್ಲಿ ಕೂತ್ಕೊಳ್ಳಿ ಅಕ್ಕ, ನಾವು ಎತ್ತಿಕೊಂಡು ಹೋಗ್ತೇವೆ" ಎಂದರು. ಕಮಲಕ್ಕ ಬೇಡವೆಂದಳು. ನಾಚಿಕೆಯೇನೋ ಎಂದುಕೊಂಡು ನಾನು ಕಿವಿಯಲ್ಲಿ ಸಮಾಧಾನ ಹೇಳಹೊರಟೆ.

"ನಾಚಿಕೆ ಎಂತದು" ಎಂದಳು ಮೆಲ್ಲಗೆ. "ನನ್ನನ್ನು ಎತ್ತಿಕೊಂಡು ಬರುದು ಕಂಡ್ರೆ, ಇವಳು ಗದ್ದೆ ಮಾಡ್ತಾಳೆ ಅಂತ ಆ ಸಾಹೇಬ್ರು ನಂಬುದುಂಟಾ?"

ಕಮಲಕ್ಕ ಜವಾನನನ್ನು ಕರೆದು, ಸಾಹೇಬರು ಒಂದು ಗಳಿಗೆ ಕೆಳಗೆ ಬಂದು ಕೇಳಿ ಹೋಗಬಹುದಾ ಎಂದು ವಿಚಾರಿಸಲು ಹೇಳಿದಳು. "ಸಾಹೇಬ್ರು ಇಳಿಯುದಾ ಮಾರಾಯ್ತಿ?" ಎಂದು ನಗುತ್ತಲೇ ಅವನು ಹತ್ತಿ ಹೋದ. ಇಳಿದು ಬಂದು, "ನೀವು ತೊಂದರೆ ತಕ್ಕೊಳ್ಳುದು ಬೇಡವಂತೆ. ಮನೆಯವರು ಬಂದ್ರೆ ಸಾಕಂತೆ" ಎಂದ. ಅವನ ದನಿಯಲ್ಲಿ ಒಳ್ಳೆಯ ಸುದ್ದಿ ತಂದ ಸಂತೋಷವಿತ್ತು. ಶೀನಣ್ಣ ಹೆಗಲಿನ ಬೈರಾಸು ಸರಿಮಾಡಿಕೊಂಡು ಮೇಲೆ ಹೋದರು.

ನಾವಿಬ್ಬರು ಕೆಳಗೆ ಕುಳಿತೆವು. ಮೇಲಿನಿಂದ ಫ್ಯಾನಿನ ಸದ್ದು, ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. ಒಮ್ಮೆ ಕಮಲಕ್ಕನ ಹೆಸರು ಕೂಗಿದರು. "ಇದ್ದೇನೆ" ಎಂದು ಅವಳು ಕೆಳಗಿನಿಂದಲೇ ಗಟ್ಟಿಯಾಗಿ ಹೇಳಿದಳು. ಮೆಟ್ಟಿಲಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಒಳಗೆ ಕೇಳಿಸಿತೋ ಇಲ್ಲವೋ, ಯಾರೂ ಬರಲಿಲ್ಲ.

ಶೀನಣ್ಣ ಇಳಿದು ಬಂದಾಗ ಮುಖ ಅರಳಿತ್ತು. "ಆಯ್ತು ಕಮಲ, ಎಲ್ಲ ನಮಗೇ ಆಯ್ತು."

"ತೋಡಿನ ಬದಿದು ಯಾರ ಹೆಸರಿಗೆ?"

"ಎಲ್ಲ ಒಟ್ಟಿಗೆ ನನ್ನ ಹೆಸರಿಗೆ ಬರ್ಕೊಂಡ್ರು. ಹೂಡುದು ಯಾರು ಅಂತ ಕೇಳಿದ್ರು, ನಾನು ಅಂದೆ. ಅದು ಸುಳ್ಳಲ್ಲ ಅಲ್ವಾ? ಯಾರ ಹೆಸರಾದ್ರೆ ಎಂತ, ಮನೆ ಒಂದೇ."

ಅವರ ಮನಸ್ಸಿನಲ್ಲಿ ಮೋಸವಿರಲಿಲ್ಲ. ಹಿಂದಿರುಗುವಾಗ ತಂಗಿಗೆ ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿಕೊಂಡು ಬಂದರು. ಕಮಲಕ್ಕ ಅದನ್ನು ನನ್ನ ಮಡಿಲಿಗಿಟ್ಟು ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು.

ಮರುವರ್ಷ ನನ್ನನ್ನು ಜಾಲ್ಸೂರಿಗೆ ಮದುವೆ ಮಾಡಿ ಕೊಟ್ಟರು. ಎಂಬತ್ತರ ನಂತರದ ಒಂದು ಬೇಸಗೆಯಲ್ಲಿ ಮಗುವನ್ನು ಎತ್ತಿಕೊಂಡು ತವರಿಗೆ ಬಂದವಳು ತೋಡು ದಾಟಿ ಹೋದೆ. ಚಪ್ಪರದ ಬಾಯಿಯಲ್ಲಿ ಅಭ್ಯಾಸಬಲದಿಂದ ಬಗ್ಗಿದೆ. ಬಗ್ಗಬೇಕಾಗಿರಲಿಲ್ಲ. ಬಿದಿರು ನನ್ನ ತಲೆಯ ಮೇಲೆ ಇನ್ನೊಂದು ಗೇಣು ಎತ್ತರದಲ್ಲಿತ್ತು. ಶೀನಣ್ಣನ ಹೆಂಡತಿಗೆ ಬಗ್ಗಿ ಬಗ್ಗಿ ಸೊಂಟನೋವು, ಅದಕ್ಕೆ ಶೀನಣ್ಣ ಎತ್ತರಿಸಿ ಕಟ್ಟಿದ್ದರು. ಅದೂ ಸುಳ್ಳಲ್ಲ. ಕಾಯಿಗಳೆಲ್ಲ ಮೇಲೆ ತೂಗುತ್ತಿದ್ದವು.

ಕಮಲಕ್ಕ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಟಯರಿನ ತುಂಡುಗಳು ಮೊಳೆಯಲ್ಲಿ ನೇತಾಡುತ್ತಿದ್ದವು. ನಾನು ಬಗ್ಗಿದ್ದನ್ನು ಅಲ್ಲಿಂದಲೇ ಕಂಡಿದ್ದಳು.

"ಈಗ ನಿನಗೆ ತಲೆ ತಾಗುದಿಲ್ಲ" ಎಂದಳು. ಮತ್ತೆ ಮಗುವಿನ ಹೆಸರು ಕೇಳಿದಳು. ಆ ತೊಂಡೆಯ ಮಾತು ಮತ್ತೆಂದೂ ನಮ್ಮ ನಡುವೆ ಬರಲಿಲ್ಲ. ಆ ದಶಕ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ನನಗೆ ಇಂದಿಗೂ ಸಂಕಟವಾಗುವುದು ಇಷ್ಟಕ್ಕೆ: ಅಷ್ಟು ಜನ ಅವಳನ್ನು ಎತ್ತಲು ಕೈ ಚಾಚಿದರು, ಅವಳು ಕೇಳಿದ್ದನ್ನು ಮಾತ್ರ ಒಬ್ಬರೂ ಕೊಡಲಿಲ್ಲ.

ಬೈಕಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಕಾವಲಿನ ಹುಡುಗ ಓಡಿ ಬಂದ. "ಮಂಡಿನೋವಾ ಅಮ್ಮ? ಕೈ ಕೊಡಿ, ನಾನು ಮೆಟ್ಟಿಲು ಹತ್ತಿಸ್ತೇನೆ." ಒಳ್ಳೆಯ ಹುಡುಗ. ನನ್ನ ಕೈ ಅರ್ಧ ಮುಂದೆ ಹೋಗಿಯೇ ಬಿಟ್ಟಿತ್ತು.

"ಕೈ ಬೇಡ ಮಗ, ಬೈಕು ತೆಗೆಸು. ನಾನು ಕಾಯ್ತೇನೆ" ಎಂದೆ.

ಅವನು ತಲೆ ಕೆರೆದುಕೊಂಡು ಒಳಗೆ ಹೋದ. ಬೈಕಿನವನು ಗೊಣಗುತ್ತ ಬಂದು, ತೊಂಡೆಕಾಯಿಯ ಸಮೇತ ಗಾಡಿ ಸರಿಸಿದ. ಇಳಿಜಾರಿಗೆ ಕಾಲಿಟ್ಟಾಗ ಕಂಡದ್ದು, ನಿಂತವರ ಕೈಯೆತ್ತರದ ಕಂಬಿಯ ಕೆಳಗೆ ಇನ್ನೊಂದು ಕಂಬಿ ಉಂಟು. ಕುಳಿತವರ ಕೈಗೆ ಎಟಕುವಷ್ಟೇ ಎತ್ತರದಲ್ಲಿ. ಅದನ್ನು ಒಮ್ಮೆ ಮುಟ್ಟಬೇಕೆನಿಸಿತು. ಮಂಡಿ ಬೇಡವೇ ಬೇಡ ಎಂದಿತು. ನಾನು ಬಗ್ಗಿದೆ.