ಸಾಹುಕಾರನ ಹೊಟ್ಟೆಯ ಕೆಳಗೆ

ಕಳೆದ ವಾರ ತಾರಸಿಯ ಮೇಲಿನ ಪ್ಲಾಸ್ಟಿಕ್ ಹಗ್ಗ ಒದ್ದೆ ಬೆಡ್‌ಶೀಟುಗಳ ಭಾರಕ್ಕೆ ಪಟ್ಟನೆ ಹರಿದುಬಿತ್ತು. ಬೇರೆ ಹಗ್ಗ ಹುಡುಕುತ್ತಾ ಅಟ್ಟದ ಮೇಲೆ ಕೈಯಾಡಿಸಿದಾಗ ಹಣತೆಗಳ ಡಬ್ಬಿಯ ಹಿಂದೆ ಒಂದು ಗೋಣಿಚೀಲ ಸಿಕ್ಕಿತು. ಬಾಯಿ ಬಿಚ್ಚಿದ ಕೂಡಲೇ ಆ ವಾಸನೆ... ಬಿಸಿಲಿಗೆ ಕಾದ ನೈಲಾನು, ಕಲ್ಲಿನ ಪುಡಿ, ಅಂಗೈ ಬೆವರು, ಎಲ್ಲೋ ಒಂದಿಷ್ಟು ಮಂಡಿನೋವಿನ ಮುಲಾಮು. ನೀಲಿ ಹಗ್ಗ ಮಾಸಿ ಬೂದಿಬಣ್ಣಕ್ಕೆ ತಿರುಗಿತ್ತು. ಏಣಿಯ ಮೇಲಿದ್ದವಳು ಹಾಗೇ ನಿಂತುಬಿಟ್ಟೆ. ಕೆಳಗಿನಿಂದ ಯಾರಾದರೂ ಮಾತಾಡಿಯಾರು ಎಂದು ಕಾಯುತ್ತಿದ್ದೆನೋ ಏನೋ.

ಆ ಹಗ್ಗ ನಮ್ಮ ಎದುರುಮನೆಯ ಅಂಕಲ್ ಅವರದು.

ತೊಂಬತ್ತರ ದಶಕದ ನಡುವಿನಲ್ಲಿ ನಾವು ಜೆ.ಪಿ. ನಗರದ ಈ ಮನೆಗೆ ಬಂದಾಗ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದವು. ಎದುರುಮನೆಯಲ್ಲಿ ಅಂಕಲ್ ಮತ್ತು ಆಂಟಿ ಇಬ್ಬರೇ. ಅಂಕಲ್ ಸರ್ಕಾರಿ ಕಾರ್ಖಾನೆಯೊಂದರಿಂದ ಆಗಷ್ಟೇ ರಿಟೈರ್ ಆಗಿದ್ದರು. ಒಣಗಿದ ನುಗ್ಗೇಕಾಯಿಯ ಹಾಗಿದ್ದ ಮನುಷ್ಯ. ಬೇರೆಯವರ ಕಾಂಪೌಂಡಿನ ಮೇಲೆ ಹಪ್ಪಳ ಸಂಡಿಗೆ ಒಣಗುತ್ತಿದ್ದರೆ ಅವರ ಕಾಂಪೌಂಡಿನ ಮೇಲೆ ಭಾನುವಾರ ಮಧ್ಯಾಹ್ನ ಹಗ್ಗ ಒಣಗುತ್ತಿತ್ತು. ಅವರು ಬಂಡೆ ಹತ್ತುತ್ತಾರೆ ಎಂದು ಆಂಟಿ ಹೇಳಿದಾಗ ನನಗೆ ನಗು ಬಂದಿತ್ತು.

"ನಗು, ನಗು. ಇವರ ವಯಸ್ಸಿನೋರು ಕಾಶಿಗೆ ಹೋಗ್ತಾರೆ. ಇವರು ಕೋತಿ ಥರ ಕಲ್ಲಿಗೆ ಅಂಟ್ಕೊಳ್ಳೋಕೆ ಹೋಗ್ತಾರೆ," ಎಂದಿದ್ದರು ಆಂಟಿ.

ಜೊತೆಗಾರರು ಬನಶಂಕರಿಯಿಂದ ಬರುತ್ತಿದ್ದ ಮೇಷ್ಟ್ರು. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಇಬ್ಬರೂ ಹುಡುಗರಾಗಿದ್ದಾಗಿನಿಂದ ಒಟ್ಟಿಗೆ ಹತ್ತಿದವರಂತೆ. ಭಾನುವಾರ ಬೆಳಿಗ್ಗೆ ಅಂಕಲ್‌ರ ಹಳೆಯ ಕಾರಿನಲ್ಲಿ ಹೊರಟು, ಸುಬ್ರಹ್ಮಣ್ಯಪುರ ದಾಟಿ, ರಾಗಿ ಹೊಲಗಳ ನಡುವಿನ ಮಣ್ಣುರಸ್ತೆಯಲ್ಲಿ ಕುಲುಕಿಕೊಂಡು ಹೋದರೆ ಅವರ ಬಂಡೆ. ನೆತ್ತಿಯ ಹತ್ತಿರ ಅದು ಮುಂದಕ್ಕೆ ಉಬ್ಬಿಕೊಂಡಿತ್ತು. ಆ ಉಬ್ಬಿಗೆ ಅವರಿಟ್ಟ ಹೆಸರು ಸಾಹುಕಾರನ ಹೊಟ್ಟೆ.

ವಾಪಸ್ಸು ಬಂದವರು ನಮ್ಮ ಗೇಟಿನ ಹೊಂಗೆಮರದ ನೆರಳಿಗೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾನು ಕಾಫಿ ಕೊಡುತ್ತಿದ್ದೆ. ಸೋವಿಯತ್ ಒಡೆದು ಎಷ್ಟು ಚೂರಾಯಿತು, ಪೆಟ್ರೋಲಿನ ಬೆಲೆ ಯಾರ ಕೈಯಲ್ಲಿದೆ, ಚೀನಾ ಏನು ಮಾಡುತ್ತದೆ... ಅದೇ ಉಸಿರಿನಲ್ಲಿ ಕಾವೇರಿ ನೀರು ಯಾವತ್ತು ಬಿಡುತ್ತಾರೆ, ಹಾಲು ಯಾಕೆ ಒಡೆಯಿತು, ಬೀನ್ಸ್‌ಗೆ ಯಾಕಿಷ್ಟು ರೇಟು. ನಾನು ಬಾಗಿಲಿಗೆ ಒರಗಿ ಕೇಳುತ್ತಿದ್ದೆ. ನನ್ನವರಿಗೆ ಬ್ಯಾಂಕಿನ ಇನ್ಸ್‌ಪೆಕ್ಷನ್ ಕೆಲಸ, ತಿಂಗಳಲ್ಲಿ ಅರ್ಧ ಟೂರು. ಊರಲ್ಲಿದ್ದ ಭಾನುವಾರ ನಿದ್ದೆ, ಇಲ್ಲವೇ ಕ್ರಿಕೆಟ್. ಮಗಳಿಗೆ ಟ್ಯೂಷನ್. ಮನೆಯಲ್ಲಿ ಮಾತೇ ಇರಲಿಲ್ಲ ಎಂದಲ್ಲ. ಟವೆಲ್ ಎಲ್ಲಿ, ಗ್ಯಾಸ್ ಬುಕ್ ಮಾಡಿದ್ಯಾ, ಫೀಸ್ ಕಟ್ಟಿದ್ಯಾ... ಅಷ್ಟು ಇತ್ತು.

"ಬಂಡೆ ಹತ್ತುವಾಗಲೂ ಹೀಗೇ ಜಗಳ ಆಡ್ತೀರಾ ಅಂಕಲ್?" ಎಂದು ಒಮ್ಮೆ ಕೇಳಿದೆ.

"ಆಡಲೇಬೇಕು ಕಣಮ್ಮ," ಎಂದರು ಅಂಕಲ್. "ಹೊಟ್ಟೆ ದಾಟಿದ ಮೇಲೆ ಹತ್ತೋನಿಗೆ ಕೆಳಗಿರೋನು ಕಾಣಲ್ಲ. ಹತ್ತೋನ ಸೊಂಟಕ್ಕೆ ಕಟ್ಟಿರೋ ಹಗ್ಗ ಹಿಡ್ಕೊಂಡಿದಾನೋ, ಬೀಡಿ ಸೇದೋಕೆ ಹೋದನೋ, ಹೆಂಗೆ ಗೊತ್ತಾಗಬೇಕು? ಅದಕ್ಕೇ ಕೆಳಗಿರೋನು ಬಾಯಿ ಮುಚ್ಚಬಾರದು. ಏನಾದ್ರೂ ಮಾತಾಡ್ತಿರಬೇಕು."

"ಅದಕ್ಕೇ ಇವನಿಗೆ ಪ್ರಪಂಚದ ವಿಷಯ ತುಂಬಿಸೋದು," ಎಂದರು ಮೇಷ್ಟ್ರು. "ಸಿಟ್ಟು ಬಂದರೆ ಬೇಗ ಹತ್ತಾನೆ."

ಇರಾಕಿನ ಮೇಲೆ ಎರಡನೇ ಸಲ ಯುದ್ಧ ಶುರುವಾದ ವರ್ಷ ಆ ಮಾತು ನಿಂತುಹೋಯಿತು. ಕಾರ್ಖಾನೆಯ ಕೆಲಸದ ಮೇಲೆ ಅಂಕಲ್ ಹಿಂದೊಮ್ಮೆ ಬಾಗ್ದಾದಿನಲ್ಲಿ ಎರಡು ವರ್ಷ ಇದ್ದು ಬಂದಿದ್ದರು. ಆ ಭಾನುವಾರ ಅವರ ಮುಖ ಕಪ್ಪಿಟ್ಟಿತ್ತು. ಟಿವಿಯಲ್ಲಿ ಹೊಗೆ ಏಳುತ್ತಿದ್ದ ರಸ್ತೆಯಲ್ಲೇ ತಾನು ದಿನಾ ಬಸ್ ಹತ್ತುತ್ತಿದ್ದೆ ಎಂದರು. ಮೇಷ್ಟ್ರು ಎಂದಿನಂತೆ ಕೆಣಕಿದರು.

"ಬಿಡೋ. ಮರಳುಗಾಡಲ್ಲಿ ಉರಿಯೋಕೆ ಏನಿದೆ?"

ಅಂಕಲ್ ಲೋಟವನ್ನು ಮೆಟ್ಟಿಲ ಮೇಲಿಟ್ಟು ಎದ್ದು ಹೋದರು. ಕಾಫಿ ಅರ್ಧ ಹಾಗೇ ಉಳಿದಿತ್ತು. ಮೇಷ್ಟ್ರು ಆ ಲೋಟವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದು ನೆನಪಿದೆ.

ಮಾತು ಬಿಟ್ಟರು. ಆದರೆ ಹತ್ತುವುದನ್ನು ಬಿಡಲಿಲ್ಲ, ಅದೇ ವಿಚಿತ್ರ. ಆ ವಯಸ್ಸಿನಲ್ಲಿ ಹಗ್ಗವನ್ನು ಬೇರೆ ಯಾರ ಕೈಗೆ ಕೊಡುವುದು? ಮುಖ ನೋಡಲಾರರು, ಜೀವ ಮಾತ್ರ ಅವರ ಕೈಗೇ ಕೊಡಬೇಕು. ಅಂಕಲ್ ಕಾರಿನಲ್ಲಿ, ಮೇಷ್ಟ್ರು ಸ್ಕೂಟರಿನಲ್ಲಿ, ಒಬ್ಬರ ಹಿಂದೆ ಒಬ್ಬರು ಹೋಗತೊಡಗಿದರು. ಆಂಟಿ ನನ್ನ ಅಡುಗೆಮನೆಗೇ ಬಂದರು.

"ಕೆಳಗೆ ಮಾತಿಲ್ಲದೆ ಇವರು ಆ ಹೊಟ್ಟೆ ದಾಟ್ತಾರೆ ಅಂದ್ರೆ ನನಗಿಲ್ಲಿ ಜೀವ ನಿಲ್ಲಲ್ಲ ಕಣೇ. ನನ್ನ ಮಂಡಿ ನೆಟ್ಟಗಿದ್ದಿದ್ರೆ ನಾನೇ ಹೋಗ್ತಿದ್ದೆ. ನೀನು ಜೊತೆಗೆ ಹೋಗಿ ಬಾಮ್ಮ."

ಮಗಳ ಸ್ಕೂಲ್ ಶೂ ಹಾಕಿಕೊಂಡು, ಚಿತ್ರಾನ್ನದ ಡಬ್ಬಿ ಹಿಡಿದು ನಾನು ಹೊರಟೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಮೆಲ್ಲಗೆ ಮಾತಾಡುವುದನ್ನು ಕಲಿಸಿದ್ದರು. ನಡತೆಗೆಂದು ಒಂದು ಬ್ಯಾಡ್ಜು ಕೂಡ ಬಂದಿತ್ತು. ಕೂಗುವುದನ್ನು ನಾನು ಕಲಿತದ್ದು ಆ ಬಂಡೆಯ ಕೆಳಗೆ.

"ಅವರಿಗೆ ಹೇಳಮ್ಮ, ಹಗ್ಗ ಸಡಿಲ ಬಿಡಬೇಕಂತೆ," ಎನ್ನುತ್ತಿದ್ದರು ಮೇಲಿದ್ದ ಅಂಕಲ್.

ಮೇಷ್ಟ್ರು ನನ್ನ ಪಕ್ಕದಲ್ಲೇ ನಿಂತಿರುತ್ತಿದ್ದರು. ನನಗಿಂತ ಮೊದಲೇ ಅವರಿಗೆ ಕೇಳಿಸಿರುತ್ತಿತ್ತು. ಆದರೂ ನಾನು ಹೇಳುವವರೆಗೆ ಕಾಯುತ್ತಿದ್ದರು.

"ಬಿಟ್ಟಾಗಿದೆ ಅಂತ ತಿಳಿಸಿ ಅವರಿಗೆ."

"ಅಂಕಲ್, ಬಿಟ್ಟಾಗಿದೆಯಂತೆ!"

ಜೀವಮಾನವಿಡೀ 'ಲೋ' ಎಂದವರು ಈಗ 'ಅವರು' ಎನ್ನುತ್ತಿದ್ದರು. ನನಗೆ ಇಬ್ಬರೂ ವಿಶ್ವಸಂಸ್ಥೆ ಎಂದು ಹೆಸರಿಟ್ಟರು. ಆ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಒಮ್ಮತವಿತ್ತು. ಅಂಕಲ್ ಹೊಟ್ಟೆಯ ಆಚೆ ಮರೆಯಾದ ಮೇಲೆ ನಾನು ಮನೆಯಿಂದ ತಂದ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದೆ. ಸೋಮವಾರ ಬಂದ ಕೂಡಲೇ ಭಾನುವಾರಕ್ಕೆ ಕಾಯತೊಡಗಿದ್ದೆ ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಮಳೆಗಾಲದಲ್ಲಿ ಒಮ್ಮೆ ನನಗೆ ಶೀತವಾಗಿ ಗಂಟಲು ಕಟ್ಟಿತು. ಬೆಳಿಗ್ಗೆ ಹೇಗೋ ಹೊರಡುತ್ತಿದ್ದ ಸ್ವರ, ಬಂಡೆಯ ಹತ್ತಿರ ತಣ್ಣನೆ ಗಾಳಿ ಹೊಡೆದ ಮೇಲೆ ಪೂರ್ತಿ ನಿಂತುಹೋಯಿತು. ಅಷ್ಟರಲ್ಲಿ ಅಂಕಲ್ ಹೊಟ್ಟೆ ದಾಟಿ ಮರೆಯಾಗಿದ್ದರು. ಹಗ್ಗ ನಿಂತಿತು. ಸ್ವಲ್ಪ ಹೊತ್ತಾದರೂ ಕದಲಲಿಲ್ಲ. ಮೇಲೆ ಅವರು ಸಿಕ್ಕಿಹಾಕಿಕೊಂಡಿದ್ದಾರೆ ಎಂದು ನನಗೂ ಗೊತ್ತಾಯಿತು. ಬಾಯಿ ತೆರೆದೆ, ಬರೀ ಗಾಳಿ ಬಂತು. ಮೇಷ್ಟ್ರು ನನ್ನ ಮುಖ ನೋಡಿದರು, ಹಗ್ಗ ನೋಡಿದರು. ಆಮೇಲೆ ಕತ್ತೆತ್ತಿ ತಾವೇ ಕೂಗಿದರು.

"ಲೋ... ನೀನು ಬಸ್ ಹತ್ತುತ್ತಿದ್ದೆ ಅಂದ್ಯಲ್ಲ, ಆ ರಸ್ತೆ... ಅದರ ಹೆಸರೇನೋ?"

ಎಲ್ಲೋ ನವಿಲು ಕೂಗಿತು. ಆಮೇಲೆ...

"ರಶೀದ್ ಸ್ಟ್ರೀಟ್."

"ಏನಿತ್ತು ಅಲ್ಲಿ?"

"ಡಬಲ್ ಡೆಕರ್ ಬಸ್ಸಿತ್ತು. ಕೆಂಪು ಬಣ್ಣದ್ದು. ನಮ್ಮ ಶಿವಾಜಿನಗರದ್ದಕ್ಕಿಂತ ಚೆನ್ನಾಗಿತ್ತು."

"ಟೀ ಸಿಗ್ತಿತ್ತಾ?"

"ಪುಟ್ಟ ಗ್ಲಾಸು, ತುಂಬಾ ಸಕ್ಕರೆ. ನಿನ್ನ ಶುಗರ್‌ಗೆ ಆಗಲ್ಲ, ಬಿಡು."

ಹಗ್ಗ ಕದಲಿತು. ಮೇಷ್ಟ್ರು ಎಡಗೈ ತೋಳಿನಿಂದ ಮುಖ ಒರೆಸಿಕೊಂಡರು. ಬಲಗೈ ಹಗ್ಗ ಬಿಟ್ಟಿರಲಿಲ್ಲ.

ಮುಂದಿನ ವಾರದಿಂದ ಮೇಷ್ಟ್ರು ಕಾರಿನ ಮುಂದಿನ ಸೀಟಿಗೆ ವಾಪಸ್ಸಾದರು, ನಾನು ಹಿಂದಿನ ಸೀಟಿಗೆ. ಕೇಳುತ್ತಾ ಕೂರುವುದು ನನಗೆ ಇಷ್ಟವೇ ಆಗಿತ್ತು. ಒಂದು ಭಾನುವಾರ ಡಬ್ಬಿ ಕಟ್ಟಿಕೊಂಡು, ಶೂ ಲೇಸು ಬಿಗಿದು ಗೇಟಿನಲ್ಲಿ ನಿಂತಿದ್ದೆ. ಕಾರು ಅವರ ಗೇಟಿನಿಂದ ಹೊರಬಂತು. ಒಳಗೆ ಇಬ್ಬರೂ ಕೈ ಆಡಿಸುತ್ತಾ ಯಾವುದೋ ದೇಶವನ್ನು ಹಂಚುತ್ತಿದ್ದರು. ಕಾರು ನನ್ನ ಮುಂದೆಯೇ ಹಾದು ತಿರುವಿನಲ್ಲಿ ಮರೆಯಾಯಿತು.

ಅವರು ಬೇಕೆಂದು ಮಾಡಲಿಲ್ಲ. ಅದು ಆಗಲೂ ಗೊತ್ತಿತ್ತು. ಸಂಜೆ ಅಂಕಲ್ ಕೈ ಹೊಸಕುತ್ತಾ ಬಂದರು. "ಹಾರ್ನ್ ಹೊಡೆಯೋದೇ ಮರೆತುಹೋಯ್ತಮ್ಮ, ಮಾತಿನ ಭರದಲ್ಲಿ..." ಎಂದರು. ಪರವಾಗಿಲ್ಲ ಅಂಕಲ್ ಎಂದೆ. ಮುಂದಿನ ವಾರ ಹಾರ್ನ್ ಆಯಿತು. ತಲೆನೋವು ಎಂದು ಹೇಳಿ ಕಳಿಸಿದೆ. ಅದರ ಮುಂದಿನ ವಾರವೂ ಏನೋ ಹೇಳಿದೆ. ಯುದ್ಧ ನಿಂತ ಮೇಲೆ ಮಧ್ಯಸ್ಥರಿಗೆ ಏನು ಕೆಲಸ...

ಎರಡು ವರ್ಷದ ಮೇಲೆ ಮೇಷ್ಟ್ರು ಹೋದರು. ಹೃದಯ ನಿಂತಿತಂತೆ. ಅಂಕಲ್‌ರ ಕಾಂಪೌಂಡಿನ ಮೇಲೆ ಹಗ್ಗ ಕಾಣುವುದು ನಿಂತಿತು. ಅವರು ಬೆಳಿಗ್ಗೆ ಪೇಪರನ್ನು ಮಡಿಕೆ ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕೂತಿರುವುದನ್ನು ನನ್ನ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಎಷ್ಟೋ ತಿಂಗಳಾದ ಮೇಲೆ ಒಂದು ದಿನ ಗೇಟು ತೆರೆದು ಬಂದರು.

"ಮಂಡಿ ಇನ್ನೆಷ್ಟು ದಿನ ಮಾತು ಕೇಳತ್ತೋ ಗೊತ್ತಿಲ್ಲ. ಒಂದೇ ಒಂದು ಸಲ ಹೊಟ್ಟೆ ದಾಟಬೇಕು. ಹಗ್ಗ ಹಿಡೀತೀಯಾ?"

"ನನ್ನ ಕೈಲಾಗತ್ತಾ ಅಂಕಲ್?"

"ಹಗ್ಗ ಜಾರದ ಹಾಗೆ ಹಿಡಿಯೋಕೆ ಒಂದು ಬಳೆ ಇದೆ, ಅದು ನೋಡ್ಕೊಳತ್ತೆ. ಮಾತಾಡೋರು ಬೇಕು."

"ನನಗೆ ಪಾಲಿಟಿಕ್ಸ್ ಗೊತ್ತಿಲ್ವಲ್ಲ."

"ಮೇಷ್ಟ್ರಿಗೂ ಗೊತ್ತಿರಲಿಲ್ಲ."

ನಮ್ಮ ಪೋರ್ಟಿಕೋದ ಕಂಬಕ್ಕೆ ಹಗ್ಗ ಕಟ್ಟಿ, ಆ ಅಲ್ಯೂಮಿನಿಯಂ ಬಳೆಯಲ್ಲಿ ಅದನ್ನು ತೂರಿಸಿ ಹಿಡಿಯುವುದನ್ನು ಸಂಜೆಗಳಲ್ಲಿ ಹೇಳಿಕೊಟ್ಟರು. ಭಾನುವಾರ, ಅವರು ಜಾರಿದರೆ ನಾನೂ ಎಳೆದುಹೋಗದ ಹಾಗೆ, ನನ್ನ ಸೊಂಟವನ್ನು ಒಂದು ಮರಕ್ಕೆ ಭದ್ರವಾಗಿ ಕಟ್ಟಿ, ಗಂಟನ್ನು ಎರಡು ಸಲ ನೋಡಿ, ಹತ್ತತೊಡಗಿದರು. ನಿಧಾನವಾಗಿ, ತುಂಬಾ ನಿಧಾನವಾಗಿ. ಆ ತೆಳ್ಳನೆಯ ಕಾಲು ಉಬ್ಬಿನ ಆಚೆ ಮರೆಯಾದಾಗ ನನ್ನ ಅಂಗೈಯಲ್ಲಿ ಬರೀ ಹಗ್ಗ ಉಳಿಯಿತು.

ಮೊದಲು ಪೇಪರಿನ ಸುದ್ದಿ ಹೇಳಿದೆ. ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅದು ಬೇಗ ಮುಗಿಯಿತು. ಹಗ್ಗ ನಿಂತಿತ್ತು. ಸುಮ್ಮನಿರುವಂತಿಲ್ಲ. ಬಾಯಿಗೆ ಬಂದದ್ದನ್ನು ಕೂಗಿದೆ.

"ನಿನ್ನೆ ಉಪ್ಪಿಟ್ಟಿಗೆ ಉಪ್ಪು ಹಾಕೋದೇ ಮರೆತಿದ್ದೆ ಅಂಕಲ್! ಅಪ್ಪ ಮಗಳು ಇಬ್ಬರೂ ತಿಂದು ಎದ್ದು ಹೋದ್ರು. ಯಾರೂ ಏನೂ ಅನ್ನಲಿಲ್ಲ. ನಾನು ತಿಂದಾಗ್ಲೇ ಗೊತ್ತಾಗಿದ್ದು."

ಮುಖ ಕಾಣದ ಕಾರಣಕ್ಕೋ ಏನೋ, ನನ್ನ ಮಾತು ನಿಲ್ಲಲಿಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗಿನ ಹೊತ್ತು ಎಷ್ಟು ಉದ್ದವಿರುತ್ತದೆ ಎಂದು ಹೇಳಿದೆ. ರಾಂಗ್ ನಂಬರ್ ಬಂದರೂ ತಕ್ಷಣ ಫೋನ್ ಇಡಲು ಮನಸ್ಸಾಗುವುದಿಲ್ಲ ಎಂದು ಹೇಳಿದೆ. ಆ ಭಾನುವಾರ ಅವರ ಕಾರು ಹೋದ ಮೇಲೆ ಗೇಟಿನಲ್ಲೇ ನಿಂತು ಡಬ್ಬಿಯ ಚಿತ್ರಾನ್ನವನ್ನು ನಾನೊಬ್ಬಳೇ ತಿಂದೆ ಎಂದೂ ಹೇಳಿಬಿಟ್ಟೆ. ಹೊಲದಲ್ಲಿ ಯಾರೋ ಕಳೆ ಕೀಳುತ್ತಿದ್ದವರು ಬೆನ್ನು ಸೆಟೆಸಿ ನನ್ನತ್ತ ನೋಡಿದರು. ಹಗ್ಗ ಒಂದು ಗೇಣು ಮೇಲಕ್ಕೆ ಸರಿಯಿತು. ಇನ್ನೊಂದು ಗೇಣು.

ಬಹಳ ಹೊತ್ತಿನ ಮೇಲೆ, ಏದುಸಿರಿನ ನಡುವೆ, ಮೇಲಿನಿಂದ ಸ್ವರ ಬಂತು.

"ಉಪ್ಪಿಲ್ಲದೆ ಹೆಂಗಮ್ಮ ತಿಂದ್ರು ಅವರು?"

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂತು. ಹಗ್ಗ ಹಿಡಿದ ಕೈಯಿಂದ ಕಣ್ಣೊರೆಸಿಕೊಳ್ಳುವ ಹಾಗಿರಲಿಲ್ಲ.

ಇಳಿದು ಬಂದ ಮೇಲೆ ಅವರು ಬಂಡೆಗೆ ಹಣೆ ಒತ್ತಿ ಸ್ವಲ್ಪ ಹೊತ್ತು ನಿಂತರು. ದಾರಿಯಲ್ಲಿ ಕಾರು ನಿಲ್ಲಿಸಿ ಎಳನೀರು ಕೊಡಿಸಿದರು. ಮರುದಿನ ಗೋಣಿಚೀಲ ತಂದು ನಮ್ಮ ಮೆಟ್ಟಿಲ ಮೇಲಿಟ್ಟರು. "ಇದು ಇನ್ನು ಹತ್ತೋಕೆ ಆಗಲ್ಲ, ಹಳೇದಾಯ್ತು. ನಿನಗೆ ಬಟ್ಟೆ ಒಣಗಿಸೋಕೆ ಆಗತ್ತೆ," ಎಂದರು. ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ಆಮೇಲೆ ಆಗಾಗ, ಮೂರು ಗಂಟೆಯ ಹೊತ್ತಿಗೆ, ಗೇಟಿನ ಸದ್ದಾಗುತ್ತಿತ್ತು. ಪೇಪರ್ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತು, "ಏನಂತೆ ಪ್ರಪಂಚ?" ಎನ್ನುತ್ತಿದ್ದರು. ಮೂರು ಗಂಟೆಗೇ ಏಕೆ ಬರುತ್ತಿದ್ದರೆಂದು ನಾನು ಕೇಳಲಿಲ್ಲ.

ಅವರು ಹೋದಾಗ ನಾವು ಊರಲ್ಲಿರಲಿಲ್ಲ. ಮೈಸೂರಿನ ಒಂದು ಮದುವೆಯಿಂದ ವಾಪಸ್ಸು ಬಂದಾಗ ಅವರ ಮನೆಯ ಮುಂದೆ ಬಾಡಿಗೆಯ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಯಾರೂ ತಿಳಿಸಿರಲಿಲ್ಲ. ತಿಳಿಸಬೇಕೆಂದು ಯಾರಿಗೆ ತಾನೇ ಹೊಳೆಯಬೇಕು, ನಾನು ಎದುರುಮನೆಯವಳು ಅಷ್ಟೇ. ಆಂಟಿ ಆಮೇಲೆ ತಂಗಿಯ ಮನೆಗೆ ಹೋದರು. ಈಗ ಅಲ್ಲಿ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು. ರಾಗಿ ಹೊಲಗಳು ಲೇಔಟಾದವು. ಬಂಡೆ ಇದೆಯೋ ಇಲ್ಲವೋ, ಹೋಗಿ ನೋಡಿಲ್ಲ.

ಮೊನ್ನೆ ಕೊನೆಗೂ ಹಗ್ಗವನ್ನು ತಾರಸಿಯಲ್ಲಿ ಕಟ್ಟಿದೆ. ಗಂಟನ್ನು ಎರಡು ಸಲ ನೋಡಿದೆ. ದೊಡ್ಡ ಬೆಡ್‌ಶೀಟು ಹರವಿದಾಗ ಆಚೆಗೆ ಏನೂ ಕಾಣಲಿಲ್ಲ. ಗಾಳಿಗೆ ಅದು ಹೊಟ್ಟೆಯ ಹಾಗೆ ಉಬ್ಬಿತು. ಗಂಟೆ ಮೂರಾಗಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಬೀನ್ಸ್ ರೇಟು ಮತ್ತೆ ಜಾಸ್ತಿಯಾಗಿದೆ ಅಂಕಲ್," ಎಂದೆ. ಗಟ್ಟಿಯಾಗಿಯೇ ಹೇಳಿದೆ.

ಹಗ್ಗ ಕದಲಿತು. ಗಾಳಿಗೆ. ನಾನು ಬಕೆಟ್ಟು ಎತ್ತಿಕೊಂಡು ಕೆಳಗಿಳಿದು ಬಂದೆ.